ಹದಿನೇಳನೆಯ ತಾರೀಖಿನ ಪಾನಕ

ಪಾನಕ ಅಂದರೆ ನನಗೆ ಇವತ್ತಿಗೂ ಆಗುವುದಿಲ್ಲ. ಮದುವೆಮನೆಯಲ್ಲಿ ಯಾರಾದರೂ ಪ್ರೀತಿಯಿಂದ ಲೋಟ ಮುಂದೆ ಹಿಡಿದರೆ ಸಕ್ಕರೆ ಕಾಯಿಲೆ ಅಂತ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತೇನೆ. ಸಕ್ಕರೆಯೂ ಇಲ್ಲ, ಮಣ್ಣೂ ಇಲ್ಲ, ಗಟ್ಟಿಮುಟ್ಟಾಗಿದ್ದೇನೆ. ಬೆಲ್ಲ, ಏಲಕ್ಕಿ, ಲಿಂಬೆಹುಳಿ ಕೂಡಿದ ಆ ವಾಸನೆ ಮೂಗಿಗೆ ಬಡಿದ ಕೂಡಲೇ ಒಂದು ಬಾವಿ, ಒಂದು ಕರಿಹಲಗೆ ಮತ್ತು ಎಣ್ಣೆ ಹಚ್ಚಿ ತೀಡಿದ ಒಬ್ಬ ದೊಡ್ಡಮನುಷ್ಯನ ಮೀಸೆ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಆಮೇಲೆ ಆ ದಿನ ಊಟ ಸೇರುವುದಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಬಾಯಿಗೆ ತಂದರೆ ಉಗುಳಬೇಕಾಗುತ್ತದೆ, ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಬಸ್ಸಿನಿಂದಿಳಿದು, ಎರೆಹೊಲಗಳ ನಡುವೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೆ ಸಿಗುವ ಊರು ಅಂದರೆ ಸಾಕು. ನಾನು ಅಲ್ಲಿಗೆ ಹೋದದ್ದು ೧೯೫೧ರಲ್ಲಿ, ಶಾಲೆಯ ಅಕ್ಕೋರಾಗಿ. ಸಿಂಧನೂರಿನಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಮದುವೆಯಾದ ಮರುವರ್ಷವೇ ಗಂಡ ವಿಷಮಜ್ವರದಲ್ಲಿ ತೀರಿಕೊಂಡ. ಇನ್ನು ಇವಳನ್ನು ಅಡುಗೆಮನೆಯ ಮೂಲೆಯಲ್ಲಿ ಕೂರಿಸುವುದು ಅಂತ ನೆಂಟರೆಲ್ಲ ನನ್ನನ್ನು ಬಿಟ್ಟು ಕೂಡಿ ಮಾತಾಡಿ ಮುಗಿಸಿದ್ದರು. ಆದರೆ ನಿಜಾಮರ ಕಾಲದಲ್ಲೇ ಅಪ್ಪ ಹಟ ಹಿಡಿದು ನನ್ನನ್ನು ಉರ್ದು ಶಾಲೆಗೆ ಕಳಿಸಿದ್ದ, ಸಂಜೆ ಅಂಗಡಿಯ ಕಟ್ಟೆಯ ಮೇಲೆ ತಾನೇ ಕನ್ನಡ ಕಲಿಸಿದ್ದ. ಸಂಸ್ಥಾನ ಹೋಗಿ ಕನ್ನಡ ಶಾಲೆಗಳು ಶುರುವಾದಾಗ ನೆಟ್ಟಗೆ ಕನ್ನಡ ಬರೆಯುವವರೇ ಸಿಗಲಿಲ್ಲ. ಹಾಗಾಗಿ ನನ್ನಂಥವಳಿಗೂ ನೌಕರಿ ಬಂತು. ಮಗ್ಗಿಯನ್ನು ಮನಸ್ಸಿನಲ್ಲಿ ಉರ್ದುವಿನಲ್ಲೇ ಹೇಳಿಕೊಂಡು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೆ. ಆ ಊರಿನಲ್ಲಿ ಅವ್ವನ ಅಕ್ಕ ಇದ್ದಳು. ಆ ದೊಡ್ಡವ್ವನ ಮನೆಯಲ್ಲೇ ನನ್ನ ಬಿಡಾರ.

ಆ ಸೀಮೆಯ ನೀರಿನ ಕತೆ ಅಲ್ಲಿ ಕೊಡ ಹೊತ್ತವರಿಗೇ ಗೊತ್ತು. ಎಲ್ಲಿ ತೋಡಿದರೂ ಸವಳು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೀಗೆಕಾಯಿ ನೊರೆ ಬಿಡುವುದಿಲ್ಲ, ಕುಡಿದರೆ ನಾಲಿಗೆ ದಪ್ಪವಾಗುತ್ತದೆ. ಇಡೀ ಊರಿಗೆ ಸಿಹಿನೀರಿನ ಬಾವಿ ಒಂದೇ ಒಂದು. ಅದು ಶಾಲೆಯ ಹಿಂದೆಯೇ ಇತ್ತು, ಕಲ್ಲಿನ ಮೆಟ್ಟಿಲುಗಳ ದೊಡ್ಡ ಬಾವಿ. ನಾನು ಹೋದಾಗ ಅದರ ಬಾಯಿಗೆ ಜಾಲಿಮುಳ್ಳು ಒಟ್ಟಿದ್ದರು. ಊರ ಹೆಂಗಸರೆಲ್ಲ ಅದರ ಪಕ್ಕದಲ್ಲೇ ಹಾದು, ದೂರದ ಹಳ್ಳಕ್ಕೆ ಹೋಗಿ, ಮರಳಿನಲ್ಲಿ ವರತಿ ತೋಡಿ, ಬಟ್ಟಲಿನಿಂದ ಕೊಡ ತುಂಬಿಕೊಂಡು ಬರುತ್ತಿದ್ದರು. ಹೊಸಬಳಾದ ನನಗೆ ಇದು ತಲೆಗೆ ಹೋಗಲಿಲ್ಲ.

ಶಾಲೆಯ ಅಂಗಳ ಗುಡಿಸಿ, ನೀರು ತಂದು ಹಾಕುತ್ತಿದ್ದವಳು ಒಬ್ಬ ಮುದುಕಿ. ಎಲ್ಲರೂ ಆಕೆಯನ್ನು ಪಿಂಜಾರ ಆಯಿ ಅನ್ನುತ್ತಿದ್ದರು. ಪಿಂಜಾರರೆಂದರೆ ಹತ್ತಿ ಹಿಂಜಿ ಗಾದಿ ತುಂಬುವ ಮುಸಲ್ಮಾನರು, ನಮ್ಮ ಕಡೆ ಅವರ ಮನೆಮಾತೂ ಕನ್ನಡವೇ. ಆಯಿ ತಂದ ನೀರನ್ನು ದೊಡ್ಡ ಮನೆಗಳ ಮಕ್ಕಳು ಕುಡಿಯುತ್ತಿರಲಿಲ್ಲ, ತಂಬಿಗೆಯಲ್ಲಿ ಮನೆಯ ನೀರು ತರುತ್ತಿದ್ದರು. ನಾನು ಕುಡಿಯುತ್ತಿದ್ದೆ. ವಿಧವೆ ಮೈಲಿಗೆ, ಮುಸಲ್ಮಾನರು ಮೈಲಿಗೆ, ಅಂದಮೇಲೆ ಇಬ್ಬರು ಮೈಲಿಗೆಯವರ ನಡುವೆ ಕೆಡುವುದಕ್ಕೆ ಏನಿದೆ ಅಂತ ನನ್ನ ಲೆಕ್ಕ. ಇಷ್ಟು ಹತ್ತಿರ ಬಾವಿ ಇಟ್ಟುಕೊಂಡು ಹಳ್ಳಕ್ಕೆ ಯಾಕೆ ಹೋಗುತ್ತೀ ಅಂತ ಒಂದು ದಿನ ಕೇಳಿದೆ. ಆಯಿ ಕೊಡ ಇಳಿಸಿ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಆ ನೀರು ಬ್ಯಾಡ್ರಿ ಅಕ್ಕೋರ. ಹಳ್ಳದ್ದು ತರ್ತೀನಿ, ಅದನ್ನ ಕುಡೀರಿ," ಅಂದಳು. ಅಷ್ಟೇ.

ಉಳಿದದ್ದನ್ನು ನನಗೆ ಹೇಳಿದವಳು ದೊಡ್ಡವ್ವ, ಅದೂ ಬಹಳ ಪೀಡಿಸಿದ ಮೇಲೆ, ರೊಟ್ಟಿ ಬಡಿಯುತ್ತಾ, ಮುಖ ತಿರುಗಿಸದೆ. ಆಯಿಗೆ ಒಬ್ಬನೇ ಮಗ. ಹತ್ತಿ ಹಿಂಜುತ್ತಿದ್ದ. ಮೀಸೆ ಇನ್ನೂ ಸರಿಯಾಗಿ ಮೂಡಿರದ ಹುಡುಗ, ಹತ್ತಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಟುಂಯ್ ಟುಂಯ್ ಅನ್ನಿಸುತ್ತಾ ಓಣಿಯಲ್ಲಿ ಬಂದರೆ ಮಕ್ಕಳು ಹಿಂದೆ ಓಡುತ್ತಿದ್ದವು. ೧೯೪೮ರ ಬೇಸಿಗೆಯಲ್ಲಿ ನಿಜಾಮರ ಕಡೆಯಿಂದ ಬಂದೂಕು ಹಿಡಿದು ಊರೂರು ಸುಲಿಯುತ್ತಿದ್ದ ದಂಡಿನವರು ಈ ಊರಿನ ಚಾವಡಿಯಲ್ಲೂ ಬಂದು ಕೂತಿದ್ದರು. ಅವರ ಹೆದರಿಕೆಗೆ ಎಷ್ಟೋ ಮನೆಯವರು ಹೊಳೆ ದಾಟಿ ಓಡಿಹೋಗಿದ್ದರು. ಅವರ ಕಾಟ ಸುಳ್ಳಲ್ಲ, ನಮ್ಮಪ್ಪನ ಅಂಗಡಿಯನ್ನೂ ಅವರು ಬಿಟ್ಟಿರಲಿಲ್ಲ. ಆದರೆ ಈ ಊರಿನ ಸಾವುಕಾರ ಓಡಲಿಲ್ಲ. ದಂಡಿನವರಿಗೆ ಹಾಲು ಕಳಿಸಿದ, ಗೋಧಿ ಕಳಿಸಿದ, ಅವರ ಜೊತೆ ಕೂತು ಹುಕ್ಕಾ ಸೇದಿದ. ಚಾವಡಿಯ ನೆಲ ಒತ್ತುತ್ತದೆ ಅಂತ ಅವರಂದಾಗ ಪಿಂಜಾರ ಹುಡುಗನನ್ನು ಕರೆಸಿ ಗಾದಿ ತುಂಬಿಸಿಕೊಟ್ಟ. ಹತ್ತಿ ಸಾವುಕಾರನದು, ಹುಕುಂ ಸಾವುಕಾರನದು, ಹೊಲಿದ ಕೈ ಮಾತ್ರ ಹುಡುಗನದು.

ಸೆಪ್ಟೆಂಬರ್ ಹದಿನೇಳರ ಸಂಜೆ, ಹೈದರಾಬಾದ್ ಶರಣಾಯಿತು ಅಂತ ರೇಡಿಯೋದಲ್ಲಿ ಹೇಳಿದರು. ಊರಿಗೆಲ್ಲ ಬ್ಯಾಟರಿ ರೇಡಿಯೋ ಇದ್ದದ್ದು ಸಾವುಕಾರನ ಮನೆಯಲ್ಲೊಂದೇ. ದಂಡಿನವರು ಎರಡು ದಿನದ ಹಿಂದೆಯೇ ಕಾಲುಕಿತ್ತಿದ್ದರು. ಓಡಿಹೋದವರು ವಾಪಸು ಬಂದರೆ ಹಾಲು ಕಳಿಸಿದವನಾರು ಅಂತ ಕೇಳುತ್ತಾರೆ. ಸಾವುಕಾರನ ತಲೆ ಚುರುಕು. ಅಂಗಳದಲ್ಲಿ ಸೇರಿದ್ದ ಜನರ ಮುಂದೆ ನಿಂತು, ದಂಡಿನವರ ಮನುಷ್ಯ ನಮ್ಮ ಊರಲ್ಲೇ ಒಬ್ಬ ಇದ್ದಾನೆ, ಅವರಿಗೆ ಗಾದಿ ಹಾಸಿ ಮಲಗಿಸಿದವನು ಅವನೇ ಅಂತ ಕೈಮಾಡಿ ತೋರಿಸಿದ. ಹುಡುಗ ಆಗ ಬಿಲ್ಲು ಬಡಿಯುವ ಕಟ್ಟಿಗೆಯ ಗುಂಡು ಕೈಯಲ್ಲಿ ಹಿಡಿದುಕೊಂಡೇ ಸುದ್ದಿ ಕೇಳಲು ಬಂದು ನಿಂತಿದ್ದನಂತೆ. ಅದನ್ನು ಹಿಡಿದುಕೊಂಡಂತೆಯೇ ಅವನನ್ನು ಎಳೆದುಕೊಂಡು ಹೋಗಿ ಸಿಹಿಬಾವಿಗೆ ಹಾಕಿದರು. ಮೇಲಿನಿಂದ ಕಲ್ಲು ಹಾಕಿದರು. ಮೂರನೆಯ ದಿನಕ್ಕೆ ಹೆಣ ತೇಲಿತು. ಆಯಿಯ ಕಡೆಯವರು ಯಾರೋ ಮಸ್ಕಿಯಿಂದ ಬಂದು ತೆಗೆದು ಮಣ್ಣು ಮಾಡಿದರು.

ದೊಡ್ಡಪ್ಪ ಎಲ್ಲಿದ್ದ ಅಂತ ಕೇಳಿದೆ. ದೊಡ್ಡವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. "ಹಿಂದ ನಿಂತಿದ್ದಬೇ. ಹಿಂದ," ಅಂದಳು. ಆ ರೊಟ್ಟಿ ನನ್ನ ತಾಟಿಗೆ ಬಿತ್ತು. ಅಷ್ಟರಲ್ಲಿ ಹೊಲದಿಂದ ಬಂದ ದೊಡ್ಡಪ್ಪ ಎದುರಿಗೆ ಕೂತು ಪುಂಡಿಪಲ್ಲೆ ಚಪ್ಪರಿಸುತ್ತಿದ್ದ. ಥೂ, ಆ ಚಪ್ಪರಿಕೆಯ ಸದ್ದು! ಮುಂದೆ ಅಲ್ಲಿದ್ದಷ್ಟು ದಿನವೂ ಅವನ ಎದುರಿಗೆ ಕೂತು ನಾನು ಉಣ್ಣಲಿಲ್ಲ.

ಇನ್ನು ಆ ಬಾವಿಯ ಮಾತು. ಹೆಣ ಬಿದ್ದ ಮಾತ್ರಕ್ಕೆ ಬಾವಿ ಎಂದೆಂದಿಗೂ ಕೆಟ್ಟೇ ಇರಬೇಕಾಗಿಲ್ಲ. ಅದನ್ನು ಶುದ್ಧ ಮಾಡಿಕೊಳ್ಳುವ ಪದ್ಧತಿ ಆ ಊರಿನಲ್ಲಿತ್ತು. ಹೂಳೆತ್ತಿ, ಸುಣ್ಣ ಹಾಕಿ, ಊರ ಹಿರಿಯರೆಲ್ಲ ಬಾವಿಕಟ್ಟೆಗೆ ಬಂದು ನಿಲ್ಲಬೇಕು. ಸತ್ತವರ ಮನೆಯವರು ಮುಂದೆ ಬಂದು, ಇಂಥವರು ಈ ನೀರಿನಲ್ಲಿ ಹೀಗೆ ಸತ್ತರು ಅಂತ ನಾಲ್ಕು ಜನ ಕೇಳುವಂತೆ ಹೇಳಬೇಕು. ಊರವರು ಹೌದು ಅನ್ನಬೇಕು. ಆಮೇಲೆ ಎತ್ತಿದ ನೀರು ಶುದ್ಧ. ಕಾಲುಜಾರಿ ಬಿದ್ದವರಿಗೆ, ಗಂಡನ ಹೊಡೆತ ತಾಳದೆ ಹಾರಿಕೊಂಡವರಿಗೆ ಹಿಂದೆ ಹೀಗೆ ಹೇಳಿ ಬಾವಿ ಬಿಡಿಸಿಕೊಂಡಿದ್ದರು. ಆದರೆ ಈ ಹುಡುಗನದನ್ನು ಹೇಳಿಸುವವರು ಯಾರು, ಹೌದು ಅನ್ನುವವರು ಯಾರು? ಆ ಒಂದು ಮಾತು ಆಡುವುದಕ್ಕಿಂತ ಹಳ್ಳಕ್ಕೆ ಹೋಗಿ ಬರುವುದೇ ಸುಲಭ ಅಂತ ಊರಿಗೆ ಊರೇ ತೀರ್ಮಾನಿಸಿತ್ತು. ಗಂಡಸರದೇನು ಹೋಗಬೇಕು, ಹೊರುವವರು ಹೆಂಗಸರು. ಬಸುರಿಯರು, ಬಾಣಂತಿಯರು, ಎಳೆ ಹುಡುಗಿಯರು ಗಂಡಸರ ಬಾಯಿ ಮುಚ್ಚಿರಲಿ ಅಂತ ಕೊಡ ಹೊತ್ತರು.

ಮರುವರ್ಷ ನಮ್ಮ ಶಾಲೆಗೆ ಹೊಸ ಹೆಡ್‌ಮಾಸ್ತರರು ಬಂದರು. ಧಾರವಾಡದ ಕಡೆಯವರು, ಬಿಳಿ ಟೋಪಿ, ಇಸ್ತ್ರಿ ಮಾಡಿದ ಕೋಟು. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. ಮಕ್ಕಳಿಗೆ ಹೊಡೆಯುತ್ತಿರಲಿಲ್ಲ, ನನಗೆ ಕೂರಲು ಕುರ್ಚಿ ಕೊಡಿಸಿದ ಮೊದಲ ಗಂಡಸು ಅವರೇ. ಆದರೆ ಅವರಿಗೊಂದು ಹುಚ್ಚು. ಅವರ ಬಳಿ ಒಂದು ದಪ್ಪ ಇಂಗ್ಲಿಷ್ ಪುಸ್ತಕವಿತ್ತು. ವರ್ಷದ ಪ್ರತಿ ತಾರೀಖಿಗೂ ಹಿಂದೆ ಜಗತ್ತಿನಲ್ಲಿ ಏನೇನು ನಡೆದಿತ್ತು ಅಂತ ಅದರಲ್ಲಿ ಬರೆದಿತ್ತು. ಬೆಳಿಗ್ಗೆ ಬಂದವರೇ ಅದನ್ನು ತೆಗೆದು ಅಂಗಳದ ಕರಿಹಲಗೆಯ ಮೇಲೆ ‘ದಿನವಿಶೇಷ’ ಅಂತ ಬರೆಯುವರು. ಪ್ರಾರ್ಥನೆ ಮುಗಿದ ಮೇಲೆ ಅದನ್ನು ನಾನು ಗಟ್ಟಿಯಾಗಿ ಓದಬೇಕು. ಈ ದಿನ ಫ್ರಾನ್ಸಿನಲ್ಲಿ ರಾಜನ ತಲೆ ತೆಗೆದರು, ಈ ದಿನ ಇಂಥ ಸಮುದ್ರದಲ್ಲಿ ದೊಡ್ಡ ಹಡಗು ಮುಳುಗಿತು. ಮಕ್ಕಳಿಗೆ ಫ್ರಾನ್ಸೂ ಒಂದೇ, ಪಕ್ಕದ ತಾಲ್ಲೂಕೂ ಒಂದೇ. ಜ್ವರ ಬಂದು ಮಲಗಿದ ಹುಡುಗ ಯಾಕೆ ಬಂದಿಲ್ಲ ಅಂತ ಕೇಳಲು ಮರೆಯುತ್ತಿದ್ದ ಮನುಷ್ಯ, ನೂರು ವರ್ಷದ ಹಿಂದೆ ಲಂಡನ್ನಿನಲ್ಲಿ ಯಾರಿಗೆ ಜ್ವರ ಬಂದಿತ್ತು ಅಂತ ಹೇಳುತ್ತಿದ್ದರು.

ಆದರೆ ಆಯಿಗೆ ಆ ಓದು ಬಹಳ ಸೇರಿತು. ಕಸಬರಿಗೆ ಹಿಡಿದುಕೊಂಡು ಬೇವಿನ ಗಿಡದ ಕೆಳಗೆ ನಿಂತು ಕೇಳುವಳು. ಹಡಗು ಮುಳುಗಿದ್ದಕ್ಕೆ ಲೊಚಗುಟ್ಟಿದಳು. ಅವರೆಲ್ಲ ಸತ್ತು ಎಷ್ಟೋ ವರ್ಷ ಆಯಿತು ಅಂದರೆ, "ಆದ್ರೇನ್ರಿ, ನೆನಸ್ತಾರಲ್ಲ" ಅನ್ನುವಳು. ಆಕೆಗೆ ಇಂಗ್ಲಿಷ್ ತಾರೀಖು ತಿಳಿಯದು. ಆ ಊರಲ್ಲಿ ಯಾರಿಗೂ ತಿಳಿಯದು, ಅಮಾವಾಸ್ಯೆ ಹುಣ್ಣಿಮೆಯ ಮೇಲೆಯೇ ಹುಟ್ಟು ಸಾವು ಲೆಕ್ಕ. ಮಗ ಹೋದ ದಿನ ಆಕೆಗೆ ಅನಂತನ ಹುಣ್ಣಿಮೆಯ ಹಿಂದಿನ ದಿನ. ಪ್ರತಿವರ್ಷ ಆ ದಿನ ಊಟ ಬಿಟ್ಟು ಬಾವಿಯ ಮುಳ್ಳಿನ ಪಕ್ಕ ಕೂತಿರುತ್ತಿದ್ದಳಂತೆ.

೧೯೫೨ರ ಸೆಪ್ಟೆಂಬರ್ ಹದಿನೇಳರಂದು ಹಲಗೆ ತುಂಬ ಬರಹವಿತ್ತು. ನಾನು ಓದಿದೆ. ಈ ದಿನ ಅಮೆರಿಕ ದೇಶದವರು ತಮ್ಮ ಸಂವಿಧಾನಕ್ಕೆ ಸಹಿ ಹಾಕಿದರು. ಈ ದಿನ ಅದೇ ದೇಶದಲ್ಲಿ ಅಣ್ಣತಮ್ಮಂದಿರ ಯುದ್ಧದಲ್ಲಿ ಒಂದೇ ಹಗಲಿನಲ್ಲಿ ಲೆಕ್ಕವಿಲ್ಲದಷ್ಟು ಜನ ಸತ್ತರು. ಈ ದಿನ ವಿಮಾನ ಕೆಳಗೆ ಬಿದ್ದು ಅದರೊಳಗಿದ್ದ ಒಬ್ಬ ಸತ್ತ, ವಿಮಾನದಿಂದ ಸತ್ತ ಮೊಟ್ಟಮೊದಲ ಮನುಷ್ಯ ಆತ. ಈ ದಿನ ರಷ್ಯದ ಸೈನ್ಯ ಪೋಲೆಂಡಿನೊಳಗೆ ನುಗ್ಗಿತು. ಕೊನೆಗೆ, ಈ ದಿನ ಹೈದರಾಬಾದ್ ಸಂಸ್ಥಾನ ಶರಣಾಯಿತು.

ಮಕ್ಕಳು ಒಳಗೆ ಹೋದ ಮೇಲೆ ಆಯಿ ನನ್ನ ಬಳಿ ಬಂದಳು. ರೇಡಿಯೋದಲ್ಲಿ ಹೇಳಿದ ದಿನ ಇದೇನಾ ಅಂತ ಕೇಳಿದಳು. ಹೌದು ಅಂದೆ. ಆ ವರ್ಷ ಅನಂತನ ಹುಣ್ಣಿಮೆ ಮೊದಲೇ ಆಗಿಹೋಗಿತ್ತು, ಆಕೆ ತನ್ನ ಉಪವಾಸ ಮುಗಿಸಿದ್ದಳು. ಅದೇ ದಿನ ಇನ್ನೊಂದು ಲೆಕ್ಕದಲ್ಲಿ ಮತ್ತೊಮ್ಮೆ ಬರುತ್ತದೆ ಅನ್ನುವುದು ಆಕೆಗೆ ಅವತ್ತೇ ತಿಳಿದದ್ದು. ಹಲಗೆಯ ಹತ್ತಿರ ಹೋಗಿ ನಿಂತಳು. ಆಮೇಲೆ ಅಂದಳು:

"ಒಬ್ಬಾವ ಮುಗಿಲಿಂದ ಬಿದ್ದು ಸತ್ತದ್ದನ್ನ ಬರದಾರ. ನನ್ನ ಮಗ ಬಿದ್ದದ್ದನ್ನೂ ಬರೀರಿ ಅಂತ ಹೇಳ್ರಿ ಅಕ್ಕೋರ. ಒಂದಾ ಸಲ."

ಆಕೆ ನನ್ನಿಂದ ಕೇಳಿದ್ದು ಅದೊಂದೇ. ನ್ಯಾಯ ಕೇಳಲಿಲ್ಲ, ಪೊಲೀಸರನ್ನು ಕೇಳಲಿಲ್ಲ. ಎಲ್ಲರ ಸಾವಿನ ಸಾಲಿನಲ್ಲಿ ಮಗನದೂ ಒಂದು ಸಾಲು, ಆ ಅಂಗಳದಲ್ಲಿ, ಆ ಊರವರ ಕಿವಿಗೆ ಬೀಳುವಂತೆ. ನಾನು ನೇರ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಸಾವುಕಾರ ಶಾಲೆಯ ಕಮಿಟಿಯ ಅಧ್ಯಕ್ಷ, ಅಷ್ಟರಲ್ಲಿ ಖಾದಿ ಜುಬ್ಬ ಹೊಲಿಸಿಕೊಂಡು ಲಿಂಗಸುಗೂರಿನ ಕಚೇರಿಗಳಲ್ಲಿ ಸ್ವಾತಂತ್ರ್ಯದ ಹೋರಾಟಗಾರ ಅಂತ ಓಡಾಡುತ್ತಿದ್ದ. ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಪಾಪ ಅಂದರು, ಬಹಳ ಕೆಟ್ಟದ್ದಾಯಿತು ಅಂದರು. ಆಮೇಲೆ, "ಆದರ ಬಾಯಾರ, ಇದು ಜಗತ್ತಿನ ಇತಿಹಾಸ ಅದ. ಊರ ಮಂದಿ ಮಾತನ್ನ ಇದರಾಗ ಹಾಕ್ಲಿಕ್ಕೆ ಬರೂದಿಲ್ಲ," ಅಂದರು. ಜಗತ್ತು ಅಂದರೆ ಯಾವುದು, ಅದು ನಮ್ಮ ಊರಿನ ಸೀಮೆಗಲ್ಲಿನ ಆಚೆಗೇ ನಿಂತುಹೋಗುತ್ತದಾ ಅಂತ ಕೇಳಿದೆ. ಅವರು ನಕ್ಕು ಚಹಾ ತರಿಸಿದರು. ನಾನು ಕುಡಿಯದೆ ಎದ್ದು ಬಂದೆ.

ಮುಂದಿನ ವರ್ಷ ಅವರಿಗೆ ಬಾವಿಯ ಹುಚ್ಚು ಹಿಡಿಯಿತು. ಸಿಹಿನೀರು ಇಟ್ಟುಕೊಂಡು ಮಕ್ಕಳು ಬಾಯಾರಿ ಕೂರುವುದೇ, ಯಾವನೋ ಸತ್ತ ಅಂತ ದೆವ್ವಕ್ಕೆ ಹೆದರುವುದೇ, ಇದು ಮೂಢನಂಬಿಕೆ ಅಂದರು. ದೆವ್ವಕ್ಕೆ ಯಾರೂ ಹೆದರಿಲ್ಲ ಅಂತ ನಾನು ಹೇಳಿ ನೋಡಿದೆ. ಕೇಳಲಿಲ್ಲ. ಸೆಪ್ಟೆಂಬರ್ ಹದಿನೇಳಕ್ಕೆ ಬಾವಿ ಶುದ್ಧ ಮಾಡಿಸಿ, ಧ್ವಜ ಏರಿಸಿ, ಅದೇ ನೀರಿನಲ್ಲಿ ಪಾನಕ ಮಾಡಿ ಇಡೀ ಊರಿಗೆ ಕುಡಿಸುವುದು ಅಂತ ಗೊತ್ತುಮಾಡಿದರು. ಅಧ್ಯಕ್ಷತೆ ಯಾರದು ಅಂತ ಬೇರೆ ಹೇಳಬೇಕೇ.

ಹೂಳೆತ್ತಲು ಊರಿನ ಒಬ್ಬನೂ ಬರಲಿಲ್ಲ. ಒಬ್ಬನಿಗೆ ಸೊಂಟ ನೋವು, ಒಬ್ಬನ ಎಮ್ಮೆ ಈಯುತ್ತದೆ. ಕೊನೆಗೆ ಸಿಂಧನೂರಿನ ಕಡೆ ಕಾಲುವೆ ಕೆಲಸಕ್ಕೆ ಬಂದಿದ್ದ ತೆಲುಗಿನ ವಡ್ಡರನ್ನು ಕರೆಸಿದರು. ಅವರಿಗೆ ಊರೂ ಗೊತ್ತಿಲ್ಲ, ಕತೆಯೂ ಗೊತ್ತಿಲ್ಲ. ಕೆಸರು ಎತ್ತಿ ಎತ್ತಿ ಅಂಗಳದಲ್ಲಿ ಹಾಕಿದರು. ಆ ಕೆಸರಿನ ನಾತ ನಾನು ಹೇಳಲಾರೆ, ಇಡೀ ಶಾಲೆ ಮೂಗಿಗೆ ಸೆರಗು ಹಿಡಿದಿತ್ತು. ಅದರೊಳಗಿಂದ ಕಲ್ಲು ಬಂದವು, ಕೈಯಲ್ಲಿ ಎತ್ತಿ ಹಾಕುವಷ್ಟು ದೊಡ್ಡ ಕಲ್ಲುಗಳು. ಆಮೇಲೆ ಕಪ್ಪಗಾದ ಒಂದು ಕಟ್ಟಿಗೆಯ ಗುಂಡು ಬಂತು. ವಡ್ಡರು ಅದೇನೆಂದು ತಿರುಗಿಸಿ ನೋಡುತ್ತಿದ್ದರು. ಆಯಿ ಕಸಬರಿಗೆ ಬಿಟ್ಟು ಹೋಗಿ ಅದನ್ನು ಈಸಿಕೊಂಡು, ಸೆರಗಿನಲ್ಲಿ ಸುತ್ತಿ ಮನೆಗೆ ಹೋದಳು. ಮಾಸ್ತರರು ಅದನ್ನು ನೋಡಿಯೂ ನೋಡದವರಂತೆ ಪುಸ್ತಕದ ಹಾಳೆ ತಿರುವಿದರು.

ಹದಿನೇಳರ ಬೆಳಿಗ್ಗೆ ಬಾವಿಕಟ್ಟೆಯ ಪಕ್ಕ ತೋರಣ ಕಟ್ಟಿದ್ದರು. ಹಿತ್ತಾಳೆಯ ಹಂಡೆಗಳಲ್ಲಿ ಪಾನಕ. ಲಿಂಗಸುಗೂರಿನಿಂದ ಅಧಿಕಾರಿಗಳು ಬಂದು ಶಾಲೆಯ ಜಗಲಿಯ ಮೇಲೆ ಕುರ್ಚಿಯಲ್ಲಿ ಕೂತರು. ಊರಿಗೆ ಊರೇ ಬಂದಿತ್ತು, ಸಾವುಕಾರ ಕರೆದಮೇಲೆ ಬರದಿದ್ದರೆ ಹೇಗೆ. ಹೊಸ ಜುಬ್ಬ, ಕೊರಳಲ್ಲಿ ಚೆಂಡುಹೂವಿನ ಹಾರ, ತೀಡಿದ ಮೀಸೆ. ನಾವು ಎಂಥ ಕಷ್ಟಪಟ್ಟು ಈ ದಿನ ತಂದೆವು ಅಂತ ಭಾಷಣ ಮಾಡಿದ. ಹಾಲು ಕಳಿಸಿದ ಕಷ್ಟ, ಹುಕ್ಕಾ ಸೇದಿದ ಕಷ್ಟ!

ಪಾನಕ ಹಂಚಿದರು. ಎಲ್ಲರ ಕೈಗೂ ಲೋಟ ಬಂತು. ಮೊದಲನೆಯದನ್ನು ಮಾಸ್ತರರು ತಾವೇ ಸಾವುಕಾರನಿಗೆ ಕೊಟ್ಟರು. ಅವನು ಲೋಟ ಎತ್ತಿದ, ಮೀಸೆ ಒದ್ದೆ ಮಾಡಿಕೊಂಡ, ಗಂಟಲು ಮಾತ್ರ ಅಲುಗಲಿಲ್ಲ. ಲೋಟ ಹಾಗೇ ಹಿಂದೆ ನಿಂತ ಆಳಿನ ಕೈಗೆ ಹೋಯಿತು. ಜನ ಒಬ್ಬರನ್ನೊಬ್ಬರು ನೋಡಿದರು. ಯಾರೂ ಕುಡಿಯಲಿಲ್ಲ. ಮಕ್ಕಳಿಗೂ ಮನೆಯಲ್ಲಿ ಹೇಳಿ ಕಳಿಸಿದ್ದರು. ಒಬ್ಬೊಬ್ಬರೇ ಲೋಟ ಕೆಳಗಿಳಿಸಿ, ಕಾಲ ಬಳಿ ಸದ್ದಾಗದಂತೆ ಬಗ್ಗಿಸಿದರು. ನೋಡನೋಡುತ್ತಾ ಅಂಗಳವೆಲ್ಲ ಅಂಟಾಯಿತು, ನೊಣ ಮುತ್ತಿದವು, ಸೀರೆಯ ಅಂಚುಗಳು ನೆಂದವು. ಗಟಗಟ ಕುಡಿದವರು ಮಾಸ್ತರರೊಬ್ಬರೇ. ನೀರಿನ ರುಚಿಯೇ ರುಚಿ ಅಂತ ಇನ್ನೊಂದು ಲೋಟ ಕೇಳಿದರು.

ಆಮೇಲೆ ನನ್ನ ಸರದಿ, ದಿನವಿಶೇಷ. ಹೋದ ವರ್ಷದ್ದೇ ಸಾಲುಗಳು. ಸಂವಿಧಾನ, ಯುದ್ಧ, ವಿಮಾನ, ಪೋಲೆಂಡ್, ಶರಣಾಗತಿ. ಓದಿ ಮುಗಿಸಿ ಕೆಳಗಿಳಿಯಬೇಕು, ಅಷ್ಟರಲ್ಲಿ ಬಾವಿಯ ಕಡೆಯಿಂದ ದನಿ ಬಂತು. ಆಯಿ ಕಟ್ಟೆಯ ಮೇಲೆ ನಿಂತಿದ್ದಳು. ತೊಳೆದ ಸೀರೆ ಉಟ್ಟಿದ್ದಳು, ಕೈಯಲ್ಲಿ ಆ ಕಟ್ಟಿಗೆಯ ಗುಂಡು.

"ಒಂದು ಓದ್ಲಿಲ್ರಿ," ಅಂದಳು. "ಅದಾ ದಿನ ನನ್ನ ಮಗನ್ನ ಈ ಬಾವ್ಯಾಗ ಹಾಕಿ, ಮ್ಯಾಲ ಕಲ್ಲು ಹಾಕಿ ಕೊಂದ್ರು. ಕೊಂದವರು..."

ಆಕೆ ಸಾವುಕಾರನ ಕಡೆ ತಿರುಗಿದಳು. ಹೇಳು ಆಯಿ, ಹೇಳಿಬಿಡು, ಈ ಅಧಿಕಾರಿಗಳ ಮುಂದೆ ಹೇಳಿಬಿಡು ಅಂತ ಮನಸ್ಸಿನಲ್ಲೇ ಕೂಗುತ್ತಿದ್ದೆ. ಆದರೆ ಆಕೆ ಮಾತು ಮುಗಿಸುವ ಮೊದಲೇ ಆ ಮನುಷ್ಯ ಎದ್ದ. ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಣ್ಣಲ್ಲಿ ನೀರು ಬೇರೆ! ಎಲ್ಲಿಂದ ತಂದನೋ ಆ ನೀರನ್ನು.

"ಕೊಂದವರು ಆ ದಂಡಿನವರು," ಅಂದ. "ಬಡವರ ಮಗ, ನಮ್ಮ ಊರಿನ ಮಾನ ಉಳಿಸಾಕ ಹೋಗಿ ಜೀವ ಕೊಟ್ಟಾನ. ನಾವೆಲ್ಲಾ ಕಣ್ಣಾರೆ ನೋಡೇವಿ. ಹೌದಲ್ಲೇನ್ರೋ?"

ದಂಡಿನವರು ಎರಡು ದಿನ ಮೊದಲೇ ಓಡಿಹೋಗಿದ್ದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಆದರೂ ಹಿಂದಿನ ಸಾಲಿನಿಂದ ಒಂದು ದನಿ, ಹೌದ್ರಿ ಅಂದಿತು. ನಮ್ಮ ದೊಡ್ಡಪ್ಪ. ಅವತ್ತೂ ಹಿಂದೆಯೇ ನಿಂತಿದ್ದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ, ಕೊನೆಗೆ ಇಡೀ ಊರು ಹೌದ್ರಿ ಹೌದ್ರಿ ಅಂದಿತು. ಸಾವುಕಾರ ಜಗಲಿಯ ಮೆಟ್ಟಿಲಿಳಿದು ಹೋಗಿ ತನ್ನ ಹಾರವನ್ನು ಆಯಿಯ ಕೊರಳಿಗೆ ಹಾಕಿದ. ಅಧಿಕಾರಿಗಳು ಚಪ್ಪಾಳೆ ತಟ್ಟಿದರು. ಅದು ಸುಳ್ಳು ಅಂತ ನಾನು ಗಟ್ಟಿಯಾಗಿಯೇ ಕೂಗಿದೆ. ಚಪ್ಪಾಳೆಯಲ್ಲಿ ನನ್ನ ಪಕ್ಕದವರಿಗೂ ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳಿಸಲಿಲ್ಲವೋ. ಆಯಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಆಕೆಯ ಕೊರಳಲ್ಲಿ ಆ ಹಾರ, ಅದರಲ್ಲಿ ಅವನ ಬೆವರು.

ಅದಕ್ಕಿಂತ ಹೇಸಿಗೆಯದನ್ನು ನಾನು ಮರುದಿನ ನೋಡಿದೆ. ಹೊತ್ತು ಹುಟ್ಟುವ ಮೊದಲೇ ಸಿಹಿಬಾವಿಯಲ್ಲಿ ಹಗ್ಗದ ಸದ್ದು. ಊರ ಹೆಂಗಸರೆಲ್ಲ ಸಾಲುಗಟ್ಟಿದ್ದರು. ದೊಡ್ಡವ್ವನೂ ಇದ್ದಳು. ಹೇಳಬೇಕಾದ ತಾಯಿ ಕಟ್ಟೆಗೆ ನಿಂತು ಹೇಳಿದಳಲ್ಲ, ಊರು ಹೌದು ಅಂದಿತಲ್ಲ, ಇನ್ನೇನು? ಪದ್ಧತಿ ಮುಗಿಯಿತು, ಬಾವಿ ಶುದ್ಧವಾಯಿತು. ಇದೆಂಥ ಶುದ್ಧ ಅಂತ ದೊಡ್ಡವ್ವನ ಮೇಲೆ ಹರಿಹಾಯ್ದೆ. ಹಳ್ಳಕ್ಕೆ ಹೋಗಿ ಹೋಗಿ ನನ್ನ ಮೊಣಕಾಲು ಹೋಗಿವೆ, ನಿನಗೇನು ಗೊತ್ತು ಅಂದಳು. ಅದೂ ನಿಜವೇ. ಆ ನಿಜ ಕೇಳಿ ನನಗೆ ಇನ್ನಷ್ಟು ಸಿಟ್ಟು ಬಂತು. ಅಂದಿನಿಂದ ಹಳ್ಳಕ್ಕೆ ಹೋಗುವವಳು ಆಯಿಯೊಬ್ಬಳೇ ಆದಳು. ತನ್ನ ಕೊಡದ ಜೊತೆ ನನಗೂ ಒಂದು ಕೊಡ ತರುತ್ತಿದ್ದಳು. ಕೆಲವು ದಿನ ನಾನೂ ಜೊತೆಗೆ ಹೋಗಿ ವರತಿ ತೋಡುತ್ತಿದ್ದೆ.

ಸಾವುಕಾರ ತಾನು ಹೇಳಿದ್ದನ್ನೇ ಕೆತ್ತಿಸಿ ಬಾವಿಕಟ್ಟೆಗೆ ಒಂದು ಕಲ್ಲು ಹಾಕಿಸಿದ. ಮಾಸ್ತರರಿಗೆ ನಿಜ ಗೊತ್ತಿತ್ತು, ನಾನೇ ಹೇಳಿದ್ದೆ. ಈಗಲಾದರೂ ನಿಜ ಬರೆಯಿರಿ ಅಂತ ಹೋಗಿ ಮತ್ತೊಮ್ಮೆ ಕೇಳಿದೆ. ಅವರು ನೆಲ ನೋಡುತ್ತಾ, ಹೇಗೋ ಆ ಹುಡುಗ ಇತಿಹಾಸಕ್ಕೆ ಸೇರಿದನಲ್ಲ ಬಿಡಿ ಅಂದರು. ಒಳ್ಳೆಯ ಮನುಷ್ಯ ಅಂತ ಮೊದಲೇ ಹೇಳಿದ್ದೇನೆ. ಅಂಥ ಒಳ್ಳೆಯತನವನ್ನು ಕಂಡರೆ ನನಗೆ ಮೈ ಉರಿಯುತ್ತದೆ.

೧೯೫೪ರ ಸೆಪ್ಟೆಂಬರ್ ಹದಿನೇಳು. ನಾನು ಶಾಲೆಗೆ ಹೋದಾಗ ಮಾಸ್ತರರು ಹಲಗೆ ಬರೆದು ಒಳಗೆ ಹೋಗಿದ್ದರು. ಆಯಿ ಅಂಗಳ ಗುಡಿಸಿ ಹಲಗೆಯ ಮುಂದೆ ನಿಂತಿದ್ದಳು. ಈ ಸಲ ಒಂದು ಸಾಲು ಜಾಸ್ತಿ ಇದೆ ಅಂತ ಓದು ಬಾರದ ಆಕೆಗೂ ಗೊತ್ತಾಗಿತ್ತು. ಏನು ಬರೆದಿದ್ದಾರೆ ಅಂತ ಕೇಳಿದಳು. ಸುಳ್ಳು ಹೇಳಲು ನನಗೆ ಆಗಲಿಲ್ಲ. ಓದಿ ಹೇಳಿದೆ: ಈ ದಿನ ನಮ್ಮ ಊರಿನ ಪಿಂಜಾರ ತರುಣನೊಬ್ಬ ದಂಡಿನವರ ಕೈಯಲ್ಲಿ ಹುತಾತ್ಮನಾದ. ಹುತಾತ್ಮ ಅಂದರೇನು ಅಂತ ಕೇಳಿದಳು. ಅದನ್ನೂ ಹೇಳಿದೆ.

ಆಯಿ ಸೆರಗಿನ ತುದಿಯನ್ನು ಕೊಡದಲ್ಲಿ ಅದ್ದಿ ಹಿಂಡಿ ನನ್ನ ಮುಂದೆ ಹಿಡಿದಳು. ಯಾವ ಸಾಲು ಅಂತ ಆಕೆಗೆ ತಿಳಿಯದು, ಹಾಗಾಗಿ ನಾನೇ ಮಾಡಬೇಕಿತ್ತು.

"ಅಳಿಸಿಬಿಡ್ರಿ ಅಕ್ಕೋರ. ಕೊಂದಾಗ ಹೆಣಾನರ ಕೊಟ್ಟಿದ್ರು. ಈಗ ಅದನೂ ತಗೊಂಡ್ರು."

ಆಕೆಯ ಸೆರಗಿನಿಂದಲೇ ಆ ಸಾಲನ್ನು ಒರೆಸಿದೆ, ಸೀಮೆಸುಣ್ಣದ ಒಂದು ಗೆರೆಯೂ ಉಳಿಯದಂತೆ ತಿಕ್ಕಿ ತಿಕ್ಕಿ ಒರೆಸಿದೆ. ಪ್ರಾರ್ಥನೆಯ ಹೊತ್ತಿಗೆ ಆ ಜಾಗ ಇನ್ನೂ ಒದ್ದೆಯಿತ್ತು. ಮಾಸ್ತರರು ಅದನ್ನು ನೋಡಿದರು, ನನ್ನ ಮುಖ ನೋಡಿದರು, ಪ್ರಾರ್ಥನೆ ಶುರುಮಾಡಿಸಿದರು. ಓದುವಾಗ ನಾನು ವಿಮಾನದಿಂದ ಬಿದ್ದವನನ್ನು ಓದಿದೆ, ಪೋಲೆಂಡನ್ನು ಓದಿದೆ, ಶರಣಾಗತಿಯನ್ನು ಓದಿ ನಿಲ್ಲಿಸಿದೆ. ೧೯೫೬ರಲ್ಲಿ ನನಗೆ ಲಿಂಗಸುಗೂರಿಗೆ ವರ್ಗವಾಗುವವರೆಗೂ ಪ್ರತಿವರ್ಷ ಅವರು ಅದನ್ನು ಬರೆದರು, ನಾನು ಬೆಳಿಗ್ಗೆ ಬೇಗ ಹೋಗಿ ಒರೆಸಿದೆ.

ಆದರೆ ನಾನು ಒರೆಸಿದ್ದರಿಂದ ಊರಿಗೆ ಏನೂ ಆಗಲಿಲ್ಲ. ನಾನು ಮೊದಲ ಸಲ ಒರೆಸಿದ ಆ ದಿನವೂ ಹಂಡೆಗಳಲ್ಲಿ ಪಾನಕ ಮಾಡಿಸಿದ್ದರು. ಆಯಿ ಬೇವಿನ ಗಿಡದ ಕೆಳಗೆ ತನ್ನ ಹಳ್ಳದ ನೀರಿನ ಕೊಡ ಇಟ್ಟುಕೊಂಡು ಕೂತು ನೋಡುತ್ತಿದ್ದಳು. ಸಾವುಕಾರ ಮೊದಲ ಲೋಟ ಎತ್ತಿ, ಗಂಟಲು ಅಲುಗಿಸಿ, ತಳದವರೆಗೂ ಕುಡಿದು ಮೀಸೆ ಒರೆಸಿಕೊಂಡ. ಅವನ ಹಿಂದೆ ಎಲ್ಲರೂ ಕುಡಿದರು. ಮಕ್ಕಳು ಎರಡೆರಡು ಲೋಟ ಕೇಳಿದರು, ಹೆಂಗಸರು ಮನೆಯಲ್ಲಿದ್ದ ಮುದುಕರಿಗೆ ಅಂತ ತಂಬಿಗೆಯಲ್ಲಿ ತುಂಬಿಸಿಕೊಂಡರು. ಅವತ್ತು ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ.